ಎಡಗಡೆಯ ಹುಬ್ಬು

ಈ ಸಲ ಜೂನ್ ಮೊದಲ ವಾರ ಮಗಳಿಗೊಂದು ರೇನ್‌ಕೋಟ್ ತಂದೆ. ಕವರು ಹರಿದು ಕೋಟನ್ನು ಕೊಡವಿದ್ದೇ ತಡ, ಮನೆ ತುಂಬ ಆ ವಾಸನೆ ಹಬ್ಬಿತು. ಹೊಸ ಪ್ಲಾಸ್ಟಿಕ್ಕಿಗೆ ಒಂದಿಷ್ಟು ಸೀಮೆಎಣ್ಣೆ, ಒಂದಿಷ್ಟು ಅಂಟು ಬೆರೆಸಿದಂಥ ವಾಸನೆ. ಹೆಂಡತಿ ಹೋಗಿ ಕಿಟಕಿ ತೆಗೆದಳು. ಮಗಳು ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ, ಯಾಕೆಂದರೆ ಆ ವಾಸನೆಯ ನಡುವೆ ಕೂತು ಹತ್ತು ವರ್ಷ ಅನ್ನ ತಿಂದವನು ನಾನು. ಮೆಷಿನ್ನಿನಿಂದ ಆಗಷ್ಟೇ ಇಳಿದ ಫ್ಲೆಕ್ಸ್ ಬ್ಯಾನರು ಹೀಗೇ ನಾರುತ್ತದೆ. ಹುಟ್ಟುಹಬ್ಬ, ವೈಕುಂಠ ಸಮಾರಾಧನೆ, ಅಣ್ಣಮ್ಮನ ಉತ್ಸವ, ಗಲ್ಲಿಗೊಬ್ಬ ನಾಯಕ... ಎಷ್ಟು ಬ್ಯಾನರು ಮಾಡಿದೆನೋ ಲೆಕ್ಕವಿಲ್ಲ. ಆದರೂ ಆ ವಾಸನೆ ಬಡಿದರೆ ನೆನಪಿಗೆ ಬರುವುದು ಒಂದೇ ಒಂದು. ಅದರಲ್ಲಿದ್ದದ್ದು ನಮ್ಮ ಮೇಲಿನ ಮನೆ ಹುಡುಗಿಯ ಮುಖ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ನಾವಾಗ ರಾಜಗೋಪಾಲನಗರದಲ್ಲಿದ್ದೆವು. ಕೆಳಗೆ ಬೀದಿಗೆ ಮುಖಮಾಡಿ ನನ್ನ ಫ್ಲೆಕ್ಸ್ ಅಂಗಡಿ, ಅದರ ಬೆನ್ನಿಗೇ ನಮ್ಮ ಒಂದು ರೂಮಿನ ಮನೆ, ಮೇಲೆ ಅವರ ಸಂಸಾರ. ಅಪ್ಪ ಪೀಣ್ಯದಲ್ಲಿ ಲೇತ್ ಆಪರೇಟರ್, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಬಾಗಲಕೋಟೆ ಕಡೆಯವರು. ಒಬ್ಬಳೇ ಮಗಳು. ಅಪ್ಪ ಶಿಫ್ಟ್ ಮುಗಿಸಿ ಬಂದು ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತ, ಮಗಳ ಮಾತು ತೆಗೆದು “ನಮ್ಮವ್ವ ಎಂಜಿನಿಯರ್ ಆಗಾಕಿ ನೋಡ್ರಿ” ಅನ್ನುತ್ತಿದ್ದರು. ಆ ಮಾತಿನಲ್ಲಿ ಜಂಬ ಇರಲಿಲ್ಲ. ದಿನವೆಲ್ಲ ಕಬ್ಬಿಣ ತಿರುಗಿಸಿ ಬಂದ ಮನುಷ್ಯನಿಗೆ ಅದೊಂದು ಮಾತು ಬೆನ್ನಿಗೆ ದಿಂಬು ಇಟ್ಟ ಹಾಗೆ ಇತ್ತು, ಅಷ್ಟೆ.

ಹುಡುಗಿ ಒಂಬತ್ತನೇ ಕ್ಲಾಸಿನ ತನಕ ಬಾಯಿಬಡುಕಿ. ಸ್ಕೂಲಿಂದ ಬಂದವಳೇ ಬ್ಯಾಗನ್ನು ನನ್ನ ಕೌಂಟರ್ ಕೆಳಗೆ ಎಸೆದು ಒಳಗೆ ಓಡುತ್ತಿದ್ದಳು. ಅವಳು ಒಂಬತ್ತಕ್ಕೆ ಬರುವ ಹೊತ್ತಿಗೆ ನನ್ನ ಮಗಳು ಹುಟ್ಟಿದ್ದಳಲ್ಲ, ಆ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಸ್ ಕಂಡಕ್ಟರನ ದನಿಯಲ್ಲಿ “ಮುಂದೆ ಓಗ್ರೀ, ಮುಂದೆ ಜಾಗ ಐತೆ” ಅಂತ ಕೂಗುವಳು. ಕೂಸು ಕೇಕೆ ಹಾಕಿ ನಗುತ್ತಿತ್ತು. ಆಮೇಲೆ ಟ್ಯೂಷನ್ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ಒಂದು ಬ್ಯಾಚು, ಸ್ಕೂಲು, ಸಂಜೆ ಇನ್ನೊಂದು ಬ್ಯಾಚು. ಕಂಡಕ್ಟರನ ದನಿ ಯಾವಾಗ ನಿಂತಿತು ಅನ್ನುವುದು ನನಗೆ ನೆನಪಿಲ್ಲ... ನಿಂತದ್ದು ನನ್ನ ಗಮನಕ್ಕೆ ಬಂದಿದ್ದರೆ ತಾನೆ ನೆನಪಿರುವುದು.

ಆ ಟ್ಯೂಷನ್ ಮೇಷ್ಟ್ರದ್ದು ದೊಡ್ಡ ತಲೆ. ಎಲ್ಲರೂ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಟಾಪರ್‌ಗಳ ಬ್ಯಾನರು ಹಾಕಿದರೆ, ಈತ ಹತ್ತು ತಿಂಗಳು ಮುಂಚೆಯೇ, ಜೂನ್‌ನಲ್ಲೇ ಹಾಕಿಬಿಡುತ್ತಿದ್ದ. ‘ನಮ್ಮ ಭಾವಿ ಟಾಪರ್’ ಅಂತ ಮೇಲೆ, ನಡುವೆ ಮುಖ, ಕೆಳಗೆ ‘ಗುರಿ: 615/625’. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಅದನ್ನು ಕಣ್ಣಾರೆ ಕಂಡವನು ನಾನು. ಕಂಡವನೇನು ಬಂತು, ಕುಲಾವಿ ಹೊಲಿದುಕೊಟ್ಟವನೇ ನಾನು. ಹತ್ತನೇ ಕ್ಲಾಸಿಗೆ ಬಂದ ವರ್ಷ ಮೇಷ್ಟ್ರ ಕಣ್ಣು ಈ ಹುಡುಗಿಯ ಮೇಲೆ ಬಿತ್ತು. ಅಪ್ಪನಿಗೆ ಆನಂದವೋ ಆನಂದ. ಅವಳನ್ನು ಕೇಳಿದವರು ಯಾರೂ ಇಲ್ಲ.

ಫೋಟೊ ತೆಗೆಸಲು ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ನೀಲಿ ಬಟ್ಟೆಯ ಮುಂದೆ ಸ್ಟೂಲ್ ಹಾಕಿ ಕೂರಿಸಿದೆ. ಮುಂಗೂದಲು ಹಣೆ ಮೇಲೆ ಇಳಿದು ಕಣ್ಣಿನ ತನಕ ಬಂದಿತ್ತು. ಬ್ಯಾನರಿಗೆ ಮುಖ ಕಾಣಬೇಕಲ್ಲ, ಪಿನ್ನು ಕೊಟ್ಟು ಹಿಂದಕ್ಕೆ ಸಿಕ್ಕಿಸಿಕೋ ಅಂದೆ. ಬಹಳ ಹೊತ್ತು ಪಿನ್ನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಸಿಕ್ಕಿಸಿಕೊಂಡಳು. ನಾನು ಕ್ಯಾಮೆರಾ ಎತ್ತಿದಾಗೆಲ್ಲ ಅವಳ ಎಡಗೈ ಹುಬ್ಬಿನ ಹತ್ತಿರ ಹೋಗುತ್ತಿತ್ತು. “ಕೈ ಕೆಳಗಿಡಮ್ಮ” ಅಂತ ಮೂರು ಸಲ ಹೇಳಿದೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಅಣ್ಣಾ, ಹುಬ್ಬು ಸ್ವಲ್ಪ...” ಅಂದಳು.

“ಯೋಚ್ನೆ ಬಿಡು, ಕಂಪ್ಯೂಟರಲ್ಲಿ ಎಲ್ಲಾ ಸರಿ ಮಾಡ್ತೀನಿ” ಅಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಆಗಲೇ ಕಂಪ್ಯೂಟರಿನ ಕಡೆ ತಿರುಗಿದ್ದೆ.

ಎಂಟಡಿ ಬ್ಯಾನರಿಗೆ ಮುಖವನ್ನು ದೊಡ್ಡದು ಮಾಡಿ ನೋಡಲೇಬೇಕು. ಇಲ್ಲದಿದ್ದರೆ ಮೊಡವೆಯೊಂದು ಇಡ್ಲಿಯಷ್ಟಾಗಿ ಸರ್ಕಲ್ಲಿನಲ್ಲಿ ತೂಗಾಡುತ್ತದೆ. ದೊಡ್ಡದು ಮಾಡಿದೆ. ಎಡಗಡೆಯ ಹುಬ್ಬು ಅರ್ಧ ಇರಲೇ ಇಲ್ಲ. ಬೋಳಿಸಿದ್ದಲ್ಲ, ಬೇರುಸಹಿತ ಕಿತ್ತದ್ದು. ಚರ್ಮದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಅದೇ ಕಡೆ ಕಿವಿಯ ಮೇಲೆ ರೂಪಾಯಿ ನಾಣ್ಯದಗಲ ಬೋಳು. ಬಲಗಡೆ ಎಲ್ಲ ಸರಿಯಾಗಿತ್ತು. ಬಲಗೈ ಬರೆಯುತ್ತಿತ್ತು, ಎಡಗೈ ಕೀಳುತ್ತಿತ್ತು ಅನ್ನುವುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ. ಆ ಮಧ್ಯಾಹ್ನ ಹೊಳೆದದ್ದು ಬೇರೆ. ಬಲಗಡೆಯ ಹುಬ್ಬನ್ನು ಕಾಪಿ ಮಾಡಿ, ತಿರುಗಿಸಿ, ಎಡಕ್ಕೆ ಅಂಟಿಸಿದರೆ ಕೆಲಸ ಮುಗಿಯಿತು. ಹತ್ತು ನಿಮಿಷ ಸಾಕಾಯಿತು. ಬೋಳಿಗೂ ಕೂದಲು ಬರೆದೆ. ಮೇಷ್ಟ್ರು ಬಂದು ನೋಡಿ, “ಗುರು, ಮುಖ ಇನ್ನೂ ಸ್ವಲ್ಪ ಬ್ರೈಟ್ ಮಾಡು, ಟಾಪರ್ ಕಳೆ ಇರ್ಬೇಕು” ಅಂದ. ಅದನ್ನೂ ಮಾಡಿದೆ. ಭೂಮಿ ಮೇಲೆ ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವನು ನಾನೊಬ್ಬನೇ. ನೋಡಿ, ಸರಿ ಮಾಡಿ ಕಳಿಸಿದೆ.

ಬ್ಯಾನರು ಬಸ್‌ಸ್ಟಾಪಿನ ಎದುರಿಗೆ ಏರಿತು. ಅಪ್ಪ ಕಾರ್ಖಾನೆಯ ಗೆಳೆಯರನ್ನೆಲ್ಲ ಕರೆತಂದು ತೋರಿಸಿದರು. ಆಮೇಲೆ ಬೀದಿ ಅವಳ ಹೆಸರು ಮರೆಯಿತು. ಹಾಲಿನ ಬೂತಿನವನು “ಏನಮ್ಮಾ ಆರ್‌ನೂರಾ ಹದ್ನೈದು, ಎಷ್ಟು ಪ್ಯಾಕೆಟ್ಟು?” ಅನ್ನುತ್ತಿದ್ದ. ಪಾಪ, ಪ್ರೀತಿಗೇ ಅನ್ನುತ್ತಿದ್ದದ್ದು. ನಾನೂ ಎರಡು ಸಲ ಅಂದಿದ್ದೇನೆ. ಟ್ಯೂಷನ್ನಿನಲ್ಲಿ ವಾರಕ್ಕೆ ಮೂರು ಟೆಸ್ಟು, ಪ್ರತಿ ಟೆಸ್ಟಿನ ಮಾರ್ಕ್ಸು ಅಪ್ಪನ ಮೊಬೈಲಿಗೆ ಮೆಸೇಜು. ಅಪ್ಪ ಊಟದ ಹೊತ್ತಲ್ಲಿ ಅದನ್ನು ಓದಿ, ಎರಡು ಮಾರ್ಕ್ಸು ಕಡಿಮೆಯಿದ್ದರೆ ಸಂಜೆ ಮೆಟ್ಟಿಲ ಮೇಲೆ ಮಾತಿಲ್ಲದೆ ಬೂಟು ಬಿಚ್ಚುತ್ತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಅವರು ಮಾತಾಡದಿದ್ದದ್ದು ಮೇಲಿನ ಮನೆಯ ತನಕ ಕೇಳಿಸುತ್ತಿತ್ತು.

ಹುಡುಗಿ ಬಸ್‌ಸ್ಟಾಪಿನ ದಾರಿ ಬಿಟ್ಟಳು. ಮೋರಿ ಪಕ್ಕದ ಗಲ್ಲಿಯಲ್ಲಿ ಸುತ್ತಿಕೊಂಡು ಸ್ಕೂಲಿಗೆ ಹೋಗತೊಡಗಿದಳು. ಇನ್ನೊಂದು ಕಂಡೆ. ಅವಳ ಎಡಹುಬ್ಬು ಈಗ ತುಂಬಿಕೊಂಡಿತ್ತು. ಕಾಡಿಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ನಾನು ಬ್ಯಾನರಿನಲ್ಲಿ ಅಂಟಿಸಿದ್ದೆನಲ್ಲ, ಥೇಟ್ ಅದೇ ಆಕಾರ, ಅದೇ ತುದಿ. ಒಂದು ದಿನ ಕೂಸಿನ ಕೆನ್ನೆ ಮುಟ್ಟಿ ಮೆಟ್ಟಿಲು ಹತ್ತುವಾಗ, “ಬ್ಯಾನರಲ್ಲಿ ಚೆನ್ನಾಗ್ ಮಾಡಿದೀರಣ್ಣ, ಯಾರ್ಗೂ ಗೊತ್ತಾಗಲ್ಲ” ಅಂದಳು. ಹೊಗಳಿಕೆ ಅಂದುಕೊಂಡೆ! ಕೆಲಸಗಾರನಿಗೆ ಹೊಗಳಿಕೆ ಕೇಳಿದರೆ ಬೇರೆ ಮಾತಿಗೆ ಕಿವಿ ಮುಚ್ಚಿಹೋಗುತ್ತದೆ.

ರಿಸಲ್ಟ್ ಬಂತು. ಐನೂರ ಎಂಬತ್ಮೂರು. ನಮ್ಮ ಬೀದಿಯ ಸರ್ಕಾರಿ ನೌಕರನ ಮಗನೂ ಅಷ್ಟು ತೆಗೆದಿರಲಿಲ್ಲ. ಬ್ಯಾನರು ಇಲ್ಲದಿದ್ದಿದ್ದರೆ ಆ ದಿನ ಬೀದಿಗೆಲ್ಲ ಪೇಡ ಹಂಚುತ್ತಿದ್ದರು. ಆದರೆ ಯಾರ ಬಾಯಲ್ಲೂ ಐನೂರ ಎಂಬತ್ಮೂರು ಬರಲಿಲ್ಲ. “ಮೂವತ್ತೆರಡು ಕಮ್ಮಿ ಆಯ್ತಂತೆ” ಅಂದರು. ಹಾಲಿನವನೂ ಅಂದ. ಮೇಷ್ಟ್ರು ಹನ್ನೊಂದು ಗಂಟೆಯೊಳಗೆ ಬ್ಯಾನರು ಬಿಚ್ಚಿಸಿದ. ಬೇರೆ ಹುಡುಗನ ಫೋಟೊ ಹಿಡಿದು ನನ್ನ ಅಂಗಡಿಗೇ ಬಂದ. ನಾನು ಮಾಡಿಕೊಟ್ಟೆ. ಬಿಚ್ಚಿದ ಬ್ಯಾನರನ್ನು ಅವಳ ಅಮ್ಮ ಕೇಳಿ ಇಸಿದುಕೊಂಡು ಹೋಗಿ ಟೆರೇಸಿನ ನೀರಿನ ಡ್ರಮ್ಮಿಗೆ ಹೊದಿಸಿದರು. ಒಳ್ಳೆಯ ಫ್ಲೆಕ್ಸು, ಬಿಸಾಡಲು ಮನಸ್ಸು ಬರಲಿಲ್ಲ ಆಕೆಗೆ.

ಆಮೇಲೆ ಹುಡುಗಿ ಕೆಳಗಿಳಿಯಲಿಲ್ಲ. ಕಾಲೇಜಿಗೆ ಸೀಟು ಸಿಕ್ಕಿತ್ತು, ಹೋಗಲಿಲ್ಲ. ಒಮ್ಮೆ ಬಾಲ್ಕನಿಯಲ್ಲಿ ಕಂಡಾಗ ತಲೆಗೆ ದುಪಟ್ಟಾ ಬಿಗಿದಿದ್ದಳು, ಮುಖದಲ್ಲಿ ಹುಬ್ಬುಗಳೇ ಇರಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ದೃಷ್ಟಿ ಆಗಿದೆ ಅಂದವರು ಕೆಲವರು. ಮೊಬೈಲಿನಿಂದ ಅಂದರು, ಅವಳ ಹತ್ತಿರ ಮೊಬೈಲೇ ಇರಲಿಲ್ಲ. ಎರಡು ರೊಟ್ಟಿ ಜಾಸ್ತಿ ತಿಂದರೆ ಸರಿಹೋಗುತ್ತಾಳೆ ಅಂದ ಪುಣ್ಯಾತ್ಮರೂ ಇದ್ದರು. ಈಗಿನ ಮಕ್ಕಳಿಗೆ ತಡಕೊಳ್ಳುವ ಶಕ್ತಿಯೇ ಇಲ್ಲ ಅಂತ ಭಾಷಣ ಬಿಗಿಯುವವರನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹದಿನೈದು ವರ್ಷದ ಹುಡುಗಿ ಎಂಟಡಿ ಮುಖವನ್ನು ಹತ್ತು ತಿಂಗಳು ಹೊತ್ತು ತಿರುಗಿದಳಲ್ಲ, ಅದು ತಡಕೊಂಡದ್ದಲ್ಲವಾ?

ಆಷಾಢ ಕಳೆದ ಮೇಲೆ ಅವಳ ಅಮ್ಮ ಅಂಗಡಿಗೆ ಬಂದರು. ಕೆಲಸಕ್ಕೆ ರಜೆ ಹಾಕಿದ್ದರು. ಚೀಲದಲ್ಲಿ ಆಸ್ಪತ್ರೆಯ ಚೀಟಿಗಳಿದ್ದವು. ದಿಂಬಿನ ಕವರಿನೊಳಗೆ ಕೂದಲ ಉಂಡೆ ಸಿಕ್ಕ ದಿನ ಗಾಬರಿಯಾಗಿ ದೊಡ್ಡಾಸ್ಪತ್ರೆಗೆ ಕರೆದೊಯ್ದರಂತೆ.

“ಡಾಕ್ಟರು ಕೇಳಾಕತ್ತಾರ್ರಿ, ಇದು ಯಾವಾಗಿಂದ ಸುರು ಆಗೈತಿ ಅಂತ. ಆಕಿ ಬಾಯೇ ಬಿಡವಲ್ಲಳು. ನನಗೇನ್ ಗೊತ್ತಿರ್ತೈತ್ರಿ ಅಣ್ಣಾರ, ಮುಂಜಾನೆ ಎಂಟಕ್ಕ ಹೋದ್ರ ಬರೂದು ಸಂಜಿ ಏಳಕ್ಕ. ಹಿಂದಿನ್ ಫೋಟೊ ಇದ್ರ ತರ್ರಿ ಅಂದಾರ. ಆ ಬ್ಯಾನರಿಂದು ನಿಮ್ಮ ಕಡೆ ಐತೇನ್ರಿ?”

ಇತ್ತು. ಎರಡೂ ಇದ್ದವು. ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ, ತೆಗೆದದ್ದು ಒಂದು, ಸರಿ ಮಾಡಿದ್ದು ಒಂದು. ಕಂಪ್ಯೂಟರಿನ ಬೆನ್ನು ಆಕೆಯ ಕಡೆಗಿತ್ತು, ಹಾಗಾಗಿ ನನಗೆ ಮಾತ್ರ ಕಾಣುತ್ತಿತ್ತು. ಮೊದಲನೆಯದನ್ನು ಕೊಟ್ಟಿದ್ದರೆ ಡಾಕ್ಟರಿಗೆ ಗೊತ್ತಾಗುತ್ತಿತ್ತು, ಮಾರ್ಕ್ಸು ಕಡಿಮೆಯಾಗಿ ಬಂದದ್ದಲ್ಲ ಇದು, ಒಂದು ವರ್ಷ ಮುಂಚೆಯೇ ಒಳಗೆ ಉರಿಯುತ್ತಿತ್ತು ಅಂತ. ಆದರೆ ಕೊಟ್ಟರೆ ಈ ತಾಯಿ ಕೇಳುತ್ತಾರಲ್ಲ, ನಿಮಗೆ ಆವಾಗಲೇ ಗೊತ್ತಿತ್ತೇನ್ರಿ, ಯಾಕ್ರಿ ಹೇಳಲಿಲ್ಲ ಅಂತ. ನನ್ನ ಕೈ ಎರಡನೆಯದರ ಮೇಲೆ ಹೋಯಿತು. ಪ್ರಿಂಟ್ ಒತ್ತಿದೆ.

ಆಕೆ ಫೋಟೊವನ್ನು ಬೆಳಕಿಗೆ ಹಿಡಿದು, “ನೋಡ್ರಿ, ಆವಾಗ ಎಷ್ಟ್ ಚಲೋ ಇದ್ಲು” ಅಂದರು. ಸೆರಗಿನಲ್ಲಿ ಒರೆಸಿ, ಮಡಚದಂತೆ ಆಸ್ಪತ್ರೆಯ ಫೈಲಿನೊಳಗೆ ಇಟ್ಟುಕೊಂಡರು. ನಾನು ತಲೆಯಾಡಿಸಿದೆ.

ಆ ಫೋಟೊ ನೋಡಿ ಡಾಕ್ಟರು ಏನು ಬರೆದುಕೊಂಡರೋ ನನಗೆ ಗೊತ್ತಿಲ್ಲ. ರಿಸಲ್ಟಿನ ಆಘಾತ, ಅಷ್ಟೇ ಅಂದರು ಅಂತ ಅಪ್ಪ ಮೆಟ್ಟಿಲ ಮೇಲೆ ಹೇಳಿದ ನೆನಪು. ಎರಡು ತಿಂಗಳು ಮಾತ್ರೆ ನುಂಗಿಸಿದರು. ದಸರಾ ಹೊತ್ತಿಗೆ ಮನೆ ಖಾಲಿ ಮಾಡಿ ಊರಿಗೆ ಹೊರಟರು. ಟೆಂಪೊ ಹತ್ತುವಾಗ ಅವಳು ಕೂಸಿನ ಕಡೆ ಕೈ ಬೀಸಿದಳು, ನನ್ನ ಕಡೆ ನೋಡಲಿಲ್ಲ. ಟೆರೇಸಿನ ಡ್ರಮ್ಮಿನ ಮೇಲೆ ಆ ಬ್ಯಾನರು ಇನ್ನೂ ಎರಡು ಮಳೆಗಾಲ ಇತ್ತು, ಬಣ್ಣವೆಲ್ಲ ಹೋಗಿ ಕಡೆಗೆ ಬರೀ ಎರಡು ಹುಬ್ಬು ಉಳಿದಿತ್ತು... ಮತ್ತೆ ಅವರ ಸುದ್ದಿ ಒಂದೇ ಸಲ ಕಿವಿಗೆ ಬಿತ್ತು. ಹುಡುಗಿ ಓದು ಮುಂದುವರಿಸಲಿಲ್ಲ, ಮನೆಯಲ್ಲೇ ಇದ್ದಾಳೆ, ಯಾರ ಜೊತೆಯೂ ಮಾತಿಲ್ಲ ಅಂತ. ಹೋಗಿ ನಿಜ ಹೇಳಿ ಬರಬಹುದಿತ್ತು. ಒಂದು ರಾತ್ರಿಯ ಬಸ್ಸು ಅಷ್ಟೆ. ನಾನು ಹೋಗಲಿಲ್ಲ.

ಫ್ಲೆಕ್ಸಿಗೆ ನಿಷೇಧ ಬಂದು ಅಂಗಡಿ ಮುಚ್ಚಿ ವರ್ಷಗಳಾದವು. ನಾವೀಗ ಮಾಕಳಿಯಲ್ಲಿದ್ದೇವೆ. ರೇನ್‌ಕೋಟಿನ ವಾಸನೆ ಮೂಗು ಬಿಡಲಿಲ್ಲವೆಂದು ಅಟ್ಟದಿಂದ ಹಳೇ ಹಾರ್ಡ್‌ಡಿಸ್ಕ್ ಇಳಿಸಿ ಮಗಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಫೋಲ್ಡರು ಹಾಗೇ ಇತ್ತು. ಮೊದಲನೆಯ ಫೋಟೊ ತೆರೆದೆ. ನೀಲಿ ಬಟ್ಟೆ, ಪಿನ್ನು, ಆ ಹುಡುಗಿ. ಹಿಂದೆ ಸರಪರ ಸದ್ದು. ಮಗಳು ರೇನ್‌ಕೋಟ್ ಹಾಕಿಕೊಂಡೇ ಬಂದು ನನ್ನ ಭುಜದ ಮೇಲಿಂದ ಬಗ್ಗಿದಳು.

“ಯಾರಪ್ಪ ಈ ಅಕ್ಕ? ಹುಬ್ಬಿಗೆ ಏನಾಯ್ತು ಇವ್ರಿಗೆ?”

ನೋಡಿ ಅರೆಗಳಿಗೆಯಾಗಿರಲಿಲ್ಲ, ಕೇಳಿಬಿಟ್ಟಳು. ಆ ಬೀದಿಯ ಅಷ್ಟೂ ಜನರಲ್ಲಿ ಒಬ್ಬರಿಗೂ ಬಾಯಿಗೆ ಬಾರದ ಮಾತು.

“ನಿನ್ನ ಎತ್ಕೊಂಡು ಆಡಿಸ್ತಿದ್ದ ಅಕ್ಕ” ಅಂದೆ. “ಏನಾಯ್ತು ಅಂತ ನಾನು ಕೇಳ್ಲಿಲ್ಲಮ್ಮ.”

“ಯಾಕ್ ಕೇಳ್ಲಿಲ್ಲ?”

“ಸರಿ ಮಾಡೋಕೆ ಬರ್ತಿತ್ತು ನಂಗೆ. ಅದ್ಕೇ ಕೇಳ್ಲಿಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ನಾನು ಕುರ್ಚಿ ತಿರುಗಿಸಿ ಮಗಳ ಮುಖವನ್ನೇ ನೋಡಿದೆ. ಬರುವ ವರ್ಷ ಇವಳದ್ದು ಒಂಬತ್ತನೇ ಕ್ಲಾಸು. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು... ಎಷ್ಟು ದಿನವಾಗಿತ್ತು ಹೀಗೆ ನೋಡಿ.

“ಏನಪ್ಪಾ ಹಂಗ್ ನೋಡ್ತೀಯಾ” ಅಂತ ನಕ್ಕು, ಅವಳು ರೇನ್‌ಕೋಟಿನ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡಳು.