ಅತ್ತಿಗೆಯನ್ನು ಬೆಟ್ಟಕ್ಕೆ ಕರೆದುಕೊಂಡು ಹೋದ ದಿನ

ನನ್ನ ಅಣ್ಣ ಸಾವನದುರ್ಗದ ಬಂಡೆಯಿಂದ ಜಾರಿ ತೀರಿಕೊಂಡು ಒಂದು ವರ್ಷ ದಾಟಿತ್ತು. ಒಂದು ಭಾನುವಾರ ಕುದೂರಿನಿಂದ ಅತ್ತಿಗೆಯನ್ನು ನೋಡಲು ಹೋಗಿದ್ದೆ. ಅವಳದು ಬೆಟ್ಟದ ಬುಡದ ಊರು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು:

"ನನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡೋಗಪ್ಪ. ಅವ್ರು ಬಿದ್ದ ಜಾಗ ನೋಡ್ಬೇಕು."

ಅಣ್ಣ ಹೊಲದ ಜೊತೆಗೆ ಹತ್ತಾರು ಮೇಕೆ ಸಾಕಿಕೊಂಡಿದ್ದ. ಆಷಾಢದ ಒಂದು ಮಧ್ಯಾಹ್ನ, ತುಂತುರು ಮಳೆ, ನಿಲ್ಲಲಾಗದಂಥ ಗಾಳಿ. ಗಬ್ಬದ ಮೇಕೆಯೊಂದು ಮಂದೆ ಬಿಟ್ಟು ಬೆಟ್ಟ ಹತ್ತಿಬಿಟ್ಟಿತ್ತು. ಅದನ್ನು ಹುಡುಕಿಕೊಂಡು ಹೋದವನು ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಊರಿನವರಿಗೆ ಸಿಕ್ಕಿದ್ದು ಕೋಟೆಗೋಡೆಯ ಆಚೆಗಿನ ಒಂದು ಕೊರಕಲಿನಲ್ಲಿ. ಮೇಕೆ ಮಾತ್ರ ಹಿಂದಿನ ದಿನ ಹೊತ್ತು ಮುಳುಗುವ ಮೊದಲೇ ತಾನಾಗಿ ಬಂದು ಕೊಟ್ಟಿಗೆಯ ಮುಂದೆ ನಿಂತಿತ್ತು.

ನಾನು ಯಾರಿಗೂ ಹೇಳದ ಸಂಗತಿಯೊಂದಿತ್ತು. ಅವತ್ತು ಹೊರಡುವ ಮುಂಚೆ ಅಣ್ಣ ನನಗೆ ಫೋನ್ ಮಾಡಿದ್ದ.

"ಗಾಳಿ ಜಾಸ್ತಿ ಐತೆ ಕಣ್ಲಾ. ಒಬ್ನೇ ಓಗಕ್ಕೆ ಒಂಥರಾ ಆಯ್ತದೆ. ಗಾಡಿ ತಕ್ಕೊಂಡು ಬತ್ತೀಯಾ?"

ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. "ನಾಳೆ ಬತ್ತೀನಿ, ಇವತ್ತು ಆಗಕ್ಕಿಲ್ಲ" ಅಂದುಬಿಟ್ಟೆ. "ಆಯ್ತು ಬುಡು" ಅಂದ. ಅದೇ ಕೊನೆಯ ಮಾತು.

ಅತ್ತಿಗೆ ಕೇಳಿದಾಗ ಇಲ್ಲ ಅನ್ನುವ ಬಾಯಿ ನನಗಿರಲಿಲ್ಲ. ಆದರೆ ಈ ಸಲ ಎಲ್ಲವನ್ನೂ ಸರಿಯಾಗಿ ಮಾಡಬೇಕು ಅನ್ನುವ ಹಟ ಬಂತು. ಅಣ್ಣನ ಜೊತೆ ಮೇಕೆ ಮೇಯಿಸುತ್ತಿದ್ದ ಮುದುಕರೊಬ್ಬರ ಹತ್ತಿರ ಹೋಗಿ ಕೂತೆ. ಅವರು ಬೀಡಿ ಆರಿಸಿ, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ದಾರಿ ತೋರಿಸಿದರು.

"ಮಳೆ ಬಿದ್ದು ಮೂರು ದಿನ ಬಿಸ್ಲು ಕಾಯ್ಬೇಕು ಮೇಷ್ಟ್ರೇ, ಅಲ್ಲೀಗಂಟ ಬಂಡೆ ಮ್ಯಾಲೆ ಕಾಲಿಡ್ಬ್ಯಾಡಿ. ಬೆಳಗ್ಗೆ ಆರಕ್ಕೆ ಒಂಟ್ಬುಡಿ. ಬಂಡೆ ಮ್ಯಾಲೆ ಬಳ್ದಿರೋ ಬಾಣದ ಗುರ್ತು ಬುಟ್ಟು ಅತ್ಲಾಗಿತ್ಲಾಗೆ ಓಗ್ಬ್ಯಾಡಿ. ಕ್ವಾಟೆ ಗ್ವಾಡೆ ತಾವ ಕುಂತ್ಕೊಂಡು ಗಾಳಿ ನೋಡಿ. ಮೈಮ್ಯಾಗಳ ಬಟ್ಟೆ ಪಟಪಟ ಬಡ್ಕೊಂತು ಅಂದ್ರೆ ಆಚೆಗೆ ಓಗಂಗಿಲ್ಲ, ತಿಳೀತಾ?"

"ಅಷ್ಟು ದೂರ ಹೋಗಿ ವಾಪಸ್ ಬರೋದಾ?"

"ನಿಮ್ಮಣ್ಣನೂ ಅಂಗೇ ಅಂತಿದ್ದ" ಅಂದರು.

ಮನೆಗೆ ಬಂದು ಒಂದು ಹಾಳೆಯಲ್ಲಿ ಬರೆದಿಟ್ಟೆ. ಎಷ್ಟು ನೀರು, ಎಲ್ಲೆಲ್ಲಿ ಕೂರುವುದು, ಹತ್ತು ಗಂಟೆಗೆ ಎಲ್ಲಿದ್ದರೂ ತಿರುಗಿ ಇಳಿಯುವುದು, ಮಧ್ಯಾಹ್ನ ಒಂದಕ್ಕೆ ನಾವು ಬಾರದಿದ್ದರೆ ಮುದುಕರು ಯಾರನ್ನು ಕರೆಯಬೇಕು. ಮಾಗಡಿಯಲ್ಲಿ ಅತ್ತಿಗೆಗೆ ಒಂದು ಜೊತೆ ಕ್ಯಾನ್ವಾಸ್ ಶೂ ತಂದೆ. ಐವತ್ತು ದಾಟಿದವಳು, ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟು ಬೇರೇನೂ ಹಾಕಿದವಳಲ್ಲ. "ನೋಡ್ದೋರು ಏನಂದಾರು" ಅಂತ ನಾಚಿಕೊಂಡಳು. ಆದರೂ ಒಂದು ವಾರ ಅದನ್ನೇ ಹಾಕಿಕೊಂಡು ಹೊಲದ ಬದುವಿನ ಮೇಲೆ ಓಡಾಡಿ ಅಭ್ಯಾಸ ಮಾಡಿದಳು.

ಹೊರಟ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಅತ್ತಿಗೆ ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ಅಣ್ಣನ ತುಂಬು ತೋಳಿನ ಅಂಗಿ ಹಾಕಿಕೊಂಡಿದ್ದಳು. ಹೊಲದಲ್ಲಿ ಕಳೆ ಕೀಳುವಾಗ ಅವಳು ಹಾಕಿಕೊಳ್ಳುತ್ತಿದ್ದ ಅಂಗಿಯೇ. ಕಡಿದಾದ ಕಡೆ ಕೈಕಾಲು ಊರಿಕೊಂಡು ಹತ್ತಿದಳು. ಕೂತಾಗ ಕೆಳಗಿನ ಕೆರೆ, ಹೊಲ, ಮಾವಿನ ತೋಪು ನೋಡುತ್ತ, "ಇಷ್ಟು ಚೆಂದಾಗಿ ಕಾಣ್ತದೆ ಅಂತ ಒಂದಿನಾನೂ ಹೇಳ್ನಿಲ್ಲ ನೋಡು ಅವ್ರು" ಅಂದಳು.

ಒಂಬತ್ತೂಕಾಲಿಗೆ ಕೋಟೆಗೋಡೆ ಮುಟ್ಟಿದೆವು. ಗೋಡೆಯ ಮರೆಯಲ್ಲಿ ಗಾಳಿಯೇ ಇಲ್ಲ. ಆದರೆ ಅತ್ತಿಗೆ ಎರಡು ಹೆಜ್ಜೆ ಆಚೆಗೆ ಇಟ್ಟಳೋ ಇಲ್ಲವೋ, ಅಂಗಿ ಉಬ್ಬಿಕೊಂಡು ಪಟಪಟ ಬಡಿಯತೊಡಗಿತು. ಅವಳು ತೂರಾಡಿ ಅಲ್ಲೇ ಕೂತುಬಿಟ್ಟಳು. ತೆವಳಿಕೊಂಡು ಹೋಗಿ ತೋಳು ಹಿಡಿದು ಒಳಕ್ಕೆ ಎಳೆದುಕೊಂಡೆ.

"ಎಷ್ಟು ದೂರ ಐತೆ ಇನ್ನೂವೆ?"

"ನೂರು ಹೆಜ್ಜೆ ಇರಬೌದು ಅತ್ಗೆ. ಹತ್ತು ಗಂಟೆವರೆಗೂ ಕಾಯೋಣ. ಗಾಳಿ ನಿಲ್ಲಲಿಲ್ಲ ಅಂದ್ರೆ ಇಳಿದುಬಿಡೋಣ."

ಕಾದೆವು. ತಂದಿದ್ದ ಚಿತ್ರಾನ್ನವನ್ನು ಇಬ್ಬರೂ ಮುಟ್ಟಲಿಲ್ಲ. ಗಾಳಿ ಕಡಿಮೆಯಾಗುವ ಬದಲು ಬಂಡೆಯ ಮೇಲೆ ಊಳಿಡಲು ಶುರುಮಾಡಿತು. ಅಲ್ಲಿ ಕೂತಿದ್ದಾಗ, ಇನ್ನು ತಡೆಯಲಾರೆ ಅನ್ನಿಸಿ, ಹೇಳಿಬಿಟ್ಟೆ.

"ಅತ್ಗೆ, ಅವತ್ತು ಅಣ್ಣ ನನ್ನ ಕರೆದಿದ್ದ. ನಾನು ಬರಲಿಲ್ಲ."

ಅವಳು ನನ್ನ ಕಡೆ ತಿರುಗಲಿಲ್ಲ. "ಗೊತ್ತು. ನನ್ನ ಮುಂದೇನೇ ಅಲ್ವಾ ಫೋನ್ ಮಾಡಿದ್ದು."

"ಇಷ್ಟು ದಿನ ಒಂದು ಮಾತೂ ಆಡಲಿಲ್ಲವಲ್ಲ ನೀನು?"

"ಏನಂತ ಆಡ್ಲಪ್ಪ? ನೀನು ಬರಕ್ಕಿಲ್ಲ ಅಂದ್ಮೇಲೆ ಅವ್ರು ನಾಳೆ ನೋಡಾಣ ಬುಡು ಅಂತ ಕುಂತ್ಕೊಂಡ್ರು. ಗಬ್ಬದ ಮೇಕೆ, ಚಿರತೆ ಇಡ್ಕೊಂಡೋದ್ರೆ ಏನ್ಮಾಡೀರಿ, ಎದ್ದೋಗಿ ಅಂತ ಕಳ್ಸಿದ್ದು ನಾನು." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. "ಕಾಫಿ ಕುಡ್ಕೊಂಡು ಓಯ್ತೀನಿ ಅಂದ್ರು. ಬಂದ್ಮೇಲೆ ಕುಡೀರಿ ಅಂದೆ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಅಳಲಿಲ್ಲ, ನಾನೇ ಅತ್ತೆ. ಒಂದು ವರ್ಷದಿಂದ ಅದೇ ಜಗಲಿಯ ಮೇಲೆ ಎದುರುಬದುರು ಕೂತು, ಇಬ್ಬರೂ ಅದೇ ಮಧ್ಯಾಹ್ನವನ್ನು ಬೇರೆಬೇರೆಯಾಗಿ ಹೊತ್ತುಕೊಂಡಿದ್ದೆವು.

ಹತ್ತು ಗಂಟೆ ಆಯಿತು. ಗಾಳಿ ನಿಂತಿರಲಿಲ್ಲ. ಅತ್ತಿಗೆ ಹಟ ಮಾಡುತ್ತಾಳೇನೋ ಅಂದುಕೊಂಡೆ. ಅವಳೇ ಮೊದಲು ಎದ್ದಳು. ಗೋಡೆಯ ಒಡಕಿನಿಂದ ಆ ಕಡೆಗೆ ಒಂದು ಸಲ ನೋಡಿದಳು. ಅಲ್ಲಿಂದ ಬೋಳು ಬಂಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. "ನಡಿ, ಇಳಿಯಾಣ. ನಿನಗೇನಾರ ಆದ್ರೆ ನಿನ್ನೆಂಡ್ತಿಗೆ ನಾನೇನು ಹೇಳ್ಲಿ" ಅಂದಳು.

ಹನ್ನೆರಡೂವರೆಗೆ ಕೆಳಗೆ ಬಂದೆವು. ಬುಡದ ಗುಡಿಯ ಹತ್ತಿರ ಕಾಯುತ್ತಿದ್ದ ಮುದುಕರು ನಮ್ಮ ಮುಖ ನೋಡಿ ನೀರಿನ ಬಾಟ್ಲಿ ಮುಂದೆ ಹಿಡಿದರು.

ಮುಂದಿನ ವರ್ಷ, ಗಾಳಿ ಇಲ್ಲದ ದಿನ ನೋಡಿ ಮತ್ತೆ ಹೋಗೋಣ ಅಂತ ಅತ್ತಿಗೆಗೆ ಹೇಳಿದ್ದೆ. ಅಷ್ಟರೊಳಗೆ ಅವಳ ಮಂಡಿ ಊದಿಕೊಂಡು, ಮೆಟ್ಟಿಲು ಹತ್ತುವುದೂ ಬೇಡ ಅಂದರು ಡಾಕ್ಟರು. ಅವಳು ಆ ಮಾತನ್ನು ಮತ್ತೆ ಎತ್ತಿಲ್ಲ. ನಾನೊಬ್ಬನೇ ಹೋಗಿ ಆ ಜಾಗ ನೋಡಿ ಬರಬಹುದು. ಎರಡು ಸಲ ಬೆಳಿಗ್ಗೆ ಗಾಡಿ ತೆಗೆದು ಬುಡದವರೆಗೂ ಹೋದೆ. ಅವಳನ್ನು ಬಿಟ್ಟು ಹತ್ತಲು ಕಾಲು ಬರಲಿಲ್ಲ.