ಈಜು ಬಾರದ ಕೊಳಗಾವಲಿನವನು
ಸೋಮವಾರಪೇಟೆ ಕಡೆಯ ಎಸ್ಟೇಟೊಂದರ ಬಂಗಲೆಯಲ್ಲಿ ಈಜುಕೊಳ ನೋಡಿಕೊಳ್ಳುವ ಚೌಡಯ್ಯನಿಗೆ ಈಜು ಬಾರದು. ಬೆಳಗಾದರೆ ಸೊಂಟದವರೆಗೆ ನೀರಿಗಿಳಿದು ತೆಂಗಿನ ನಾರಿನಿಂದ ಪಾಚಿ ಉಜ್ಜುತ್ತಾನೆ. ತರಗೆಲೆ ಬಿದ್ದರೆ ಊಟ ಬಿಟ್ಟು ಏಳುತ್ತಾನೆ. ಸೊಳ್ಳೆಮರಿ ತಿನ್ನಲು ಅವನು ಬಿಟ್ಟ ಮೀನು ಕಾಲಿಗೆ ತಾಗಿ ಧಣಿಯ ಹೆಂಡತಿ ಬೆಚ್ಚಿದರೆ, “ಅವೂ ಕೆಲಸಕ್ಕೆ ಬಂದವೇ ಅಮ್ಮಾವ್ರೆ” ಎನ್ನುತ್ತಾನೆ. ಹಳೆಯ ನೀರನ್ನು ಕೆಳಗೆ ಹರಿಯುವ ತೋಡಿಗೆ ಬಿಡದೆ ಕಾಫಿ ಸಸಿಗಳಿಗೆ ಹಾಯಿಸುತ್ತಾನೆ. “ಮೈಲುತುತ್ತ ಹಾಕಿದ್ರೆ ಪಾಚಿ ಸಾಯ್ತದೆ, ನಿಂಗ್ಯಾಕೆ ಈ ಪಾಡು?” ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ಕೇಳಿದರೆ, “ಕೈ ಗಟ್ಟಿ ಇದಾವಲ್ಲ ಸ್ವಾಮಿ” ಎನ್ನುತ್ತಾನೆ, ಅಷ್ಟೆ. ಕೊಡಗು ಮೈಸೂರಿಗೆ ಸೇರಿದ ವರ್ಷ ಅವನೂ ಅಳತೆ ತಿಳಿಯದೆ ಮೈಲುತುತ್ತ ಸುರಿದು, ಆ ನೀರನ್ನು ತೋಡಿಗೆ ಬಿಟ್ಟಿದ್ದ. ಕೆಳಗಿನ ಕೂಲಿ ಲೈನಿನಲ್ಲಿ ಹೆಂಡತಿ ಕಾಳಮ್ಮ ಅದನ್ನೇ ತುಂಬಿ ತಂದು ಗಂಜಿ ಕಾಯಿಸಿ ಮಗಳಿಗೆ ಕುಡಿಸಿದ್ದಳು. ಮಗು ವಾಂತಿ ಮಾಡುತ್ತಲೇ ತೀರಿಕೊಂಡಿತು. ತನ್ನ ಗಂಜಿಯೇ ಕೆಟ್ಟಿತ್ತೆಂದು ಕಾಳಮ್ಮ ಇಂದಿಗೂ ಅಳುತ್ತಾಳೆ. ಅಲ್ಲವೆಂದು ಹೇಳಲು ಚೌಡಯ್ಯನಿಗೆ ಬಾಯಿ ಬಂದಿಲ್ಲ.