ನನ್ನ ಬೆನ್ನು, ಅತ್ತೆಯ ಕೈ

ಮೊನ್ನೆ ಬೆಳಿಗ್ಗೆ ಅರಸೀಕೆರೆಯ ನನ್ನ ಕನ್ನಡಕದ ಅಂಗಡಿಯಲ್ಲಿ ಬೋಣಿಗೆ ಕಾಯುತ್ತ ಕುಳಿತಿದ್ದೆ. ಹಳೇಬೀಡಿನಿಂದ ಕೊಬ್ಬರಿ ಹಾಕಲು ಬಂದವರೊಬ್ಬರು ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟೊಂದನ್ನು ಮೇಜಿನ ಮೇಲಿಟ್ಟು, "ನಿಮ್ಮತ್ತೆ ಕೊಟ್ಟವ್ರೆ" ಎಂದು ಹೇಳಿ ಹೋದರು. ಬಿಚ್ಚಿದರೆ ಅತ್ತೆಯ ಹಳೆಯ ಕನ್ನಡಕ, ಒಂದು ಕಡ್ಡಿ ಮುರಿದಿದೆ. ಜೊತೆಗೆ, ಪೊರೆ ತೆಗೆದ ಮೇಲೆ ಕಣ್ಣಿನ ಡಾಕ್ಟರು ಬರೆದುಕೊಟ್ಟ ಹೊಸ ನಂಬರಿನ ಚೀಟಿ ಮತ್ತು ಎರಡೂ ತುದಿಗೆ ಗಂಟು ಹಾಕಿದ ಗೇಣುದ್ದದ ಬಿಳಿ ನೂಲು. ನೂಲಿನ ವಿಚಾರ ಆಮೇಲೆ ಹೇಳುತ್ತೇನೆ. ಮೊದಲು ಕನ್ನಡಕವನ್ನು ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಗಾಜಿನ ಮೇಲೆ "ಹಾ" ಎಂದು ಉಸಿರು ಬಿಟ್ಟೆ. ಗಾಜು ಮಂಜಾಯಿತು, ನನ್ನ ಎದೆಯೊಳಗೆ ಏನೋ ಅಲುಗಿತು, ಕೆಮ್ಮು ಬಂತು. ಅಂಗಡಿಯ ಹಿಂದೆಯೇ ಮನೆ. ಒಳಗಿನಿಂದ ನನ್ನ ಹೆಂಡತಿ ಗಿರಿಜೆ ಕೇಳಿದಳು:

"ಬಂತಾ?"

"ಬಂತು" ಎಂದೆ.

ನಮ್ಮದು ರೈಲುಗಳು ಕೂಡುವ ಊರು. ಹೊಸ ಗಿರಾಕಿಗಳು ಇದನ್ನು ಯಾವುದೋ ಗಾಡಿಯ ವಿಚಾರವೆಂದೇ ತಿಳಿಯುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನಿಮಗಾದರೆ ಹೇಳಬಹುದು, ನೀವೀಗ ಊಟಕ್ಕೆ ಕುಳಿತಿಲ್ಲವಷ್ಟೆ? ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಬರಬೇಕಾದದ್ದು ಕಫ. ಅದು ಬಂದ ದಿನ ಎಲ್ಲರ ಮುಖವೂ ಅರಳುತ್ತದೆ, ಬಾರದ ದಿನ ಒಗ್ಗರಣೆಯ ಸದ್ದಿನಲ್ಲೇ ಗಿರಿಜೆಯ ಚಿಂತೆ ಗೊತ್ತಾಗುತ್ತದೆ.

ನಾನು ಚಿಕ್ಕವನಿದ್ದಾಗ ನಾಯಿಕೆಮ್ಮು ಬಂತಂತೆ, ಅದರ ಹಿಂದೆಯೇ ನ್ಯುಮೋನಿಯಾ. ಎರಡೂ ಹೋದವು. ಹೋಗುವಾಗ ಶ್ವಾಸಕೋಶದ ಕೊಳವೆಗಳನ್ನು ಅಲ್ಲಲ್ಲಿ ಹಿಗ್ಗಿಸಿಬಿಟ್ಟು ಹೋದವು. ಹಾಸನದ ಡಾಕ್ಟರು ಅದಕ್ಕೆ ಬ್ರಾಂಕಿಯೆಕ್ಟೇಸಿಸ್ ಎಂಬ ಹೆಸರು ಹೇಳಿದರು. ನಮ್ಮಪ್ಪ ಅದನ್ನು ಕೊನೆಯವರೆಗೂ "ಆ ಉದ್ದದ ಹೆಸರಿನದು" ಎಂದೇ ಕರೆದರು. ಹಿಗ್ಗಿದ ಕಡೆ ಕಫ ನಿಲ್ಲುತ್ತದೆ, ನಿಂತದ್ದು ಕೆಡುತ್ತದೆ, ಕೆಟ್ಟರೆ ಜ್ವರ ಬಂದು ಉಸಿರಿಗೇ ಸಂಚಕಾರ. ಪೂರ್ತಿ ವಾಸಿಯಾಗುವಂಥದ್ದಲ್ಲ, ಒಬ್ಬರಿಂದೊಬ್ಬರಿಗೆ ಅಂಟುವಂಥದ್ದೂ ಅಲ್ಲ, ದಿನಾ ಖಾಲಿ ಮಾಡಿಕೊಂಡಿದ್ದರೆ ಎಲ್ಲರಂತೆ ಬಾಳಬಹುದು ಎಂದು ಡಾಕ್ಟರು ಹೇಳಿದರು. ಖಾಲಿ ಮಾಡುವುದೆಂದರೆ, ಸೊಂಟ ಮೇಲೆ, ತಲೆ ಕೆಳಗೆ ಬರುವಂತೆ ಬೋರಲು ಮಲಗುವುದು. ಇನ್ನೊಬ್ಬರು ಅಂಗೈ ಗುಳಿ ಮಾಡಿಕೊಂಡು ಬೆನ್ನಿನ ಎರಡೂ ಪಕ್ಕೆಗೆ ತಟ್ಟುವುದು. ಅಂಟಿಕೊಂಡದ್ದು ಸಡಿಲವಾದಾಗ ಕೆಮ್ಮಿ ಉಗುಳುವುದು. ಉಗುಳಲು ನಮ್ಮ ಮನೆಯಲ್ಲಿ ಬೂದಿ ಹಾಕಿದ ಕರಟ ಇರುತ್ತಿತ್ತು. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಕರಟಕ್ಕೇನು ಬರ!

ಅಪ್ಪನದು ಕೊಬ್ಬರಿ ವ್ಯಾಪಾರ. ಮಂಡಿಯ ಧೂಳಿಗೆ ನನ್ನ ಎದೆ ಒಗ್ಗದೆಂದು ನನಗೆ ಈ ಕನ್ನಡಕದ ಅಂಗಡಿ ಇಟ್ಟುಕೊಟ್ಟರು. ಎಷ್ಟೋ ವರ್ಷಗಳ ಮೇಲೆ ಹಾಸನದ ಆಸ್ಪತ್ರೆಯಲ್ಲಿ ಉಸಿರಿನ ವ್ಯಾಯಾಮ ಕಲಿಸುವ ಹುಡುಗಿಯೊಬ್ಬಳು, "ಗಂಟಲಿಂದ ಕೆಮ್ಮಬೇಡಿ ಸರ್, ಕನ್ನಡಕ ಒರೆಸೋ ಮುಂಚೆ ಗಾಜಿಗೆ ಹಾ ಅಂತೀವಲ್ಲ, ಹಾಗೆ ಹೊಟ್ಟೆಯಿಂದ ಉಸಿರು ತಳ್ಳಿ" ಎಂದಳು. ನಾನು ನಕ್ಕುಬಿಟ್ಟೆ. ಅಂಗಡಿಯಲ್ಲಿ ಕುಳಿತು ಇಷ್ಟು ವರ್ಷ ಗಿರಾಕಿಗಳ ಗಾಜು ಒರೆಸಿದ್ದು ನನ್ನ ಚಿಕಿತ್ಸೆಯೂ ಆಗಿತ್ತೆಂದು ಅಪ್ಪನಿಗೆ ತಿಳಿದಿದ್ದರೆ, ಎಲ್ಲ ತಮ್ಮದೇ ಮುಂದಾಲೋಚನೆ ಎನ್ನುತ್ತಿದ್ದರು.

ಹಳೇಬೀಡಿನ ಮಾವ ನಮ್ಮಪ್ಪನ ಮಂಡಿಗೆ ಕೊಬ್ಬರಿ ತರುತ್ತಿದ್ದವರು. ಹಾಗೆಯೇ ಸಂಬಂಧದ ಮಾತು ಬಂತು. ಹೆಣ್ಣು ನೋಡಲು ಹೋದಾಗ ಅಪ್ಪ ಉಪ್ಪಿಟ್ಟಿಗೆ ಕೈ ಹಾಕುವ ಮುಂಚೆಯೇ ನನ್ನ ಎದೆಯ ಸಮಾಚಾರವನ್ನೆಲ್ಲ ಹೇಳಿ ಮುಗಿಸಿದರು. ಹುಡುಗಿ ಒಪ್ಪಿದಳು. ಬೇಲೂರಿನಿಂದ ಬಂದಿದ್ದ ಅತ್ತೆಯ ಅಕ್ಕ ಮಾತ್ರ ಅಡಿಗೆಮನೆಯಲ್ಲಿ, ನಮಗೂ ಕೇಳಿಸುವಷ್ಟು ಗುಟ್ಟಾಗಿ, "ತಲೆ ನರೆಯೋಗಂಟ ಬದುಕೋ ಹುಡುಗ್ನೇನೇ ಇದು?" ಎಂದರು. ಅದಕ್ಕೆ ಅತ್ತೆ, "ನರೆಯೋದ ನಾನು ನೋಡ್ತೀನಿ ಬಿಡಕ್ಕ" ಎಂದರು. ಅತ್ತೆಯ ದನಿಯನ್ನು ನಾನು ಮೊದಲು ಕೇಳಿದ್ದು ಹೀಗೆ, ಗೋಡೆಯ ಆಚೆಯಿಂದ.

ಆಮೇಲೂ ಅವರು ಗೋಡೆಯ ಆಚೆಯೇ ಉಳಿದರು. ಅತ್ತೆಯಾದವಳು ಅಳಿಯನ ಎದುರು ನಿಲ್ಲಬಾರದು, ಮುಖ ಕೊಟ್ಟು ಮಾತಾಡಬಾರದು ಎಂಬ ಹಳೆಯ ಪದ್ಧತಿಯನ್ನು ನಮ್ಮತ್ತೆಯಷ್ಟು ಚಾಚೂ ತಪ್ಪದೆ ಪಾಲಿಸಿದವರನ್ನು ನಾನು ಕಾಣೆ. ನಾನು ನಡುಮನೆಯಲ್ಲಿ ಕುಳಿತರೆ ಅವರು ಬಾಗಿಲ ಹಿಂದೆ. ನನಗೆ ಕಾಣುತ್ತಿದ್ದದ್ದು ಸೀರೆಯ ಅಂಚು ಮತ್ತು ಕಾಲುಂಗುರ. "ಗಿರಿಜಾ, ಅಳಿಯಂದ್ರಿಗೆ ಇನ್ನೊಂದು ವಸಿ ತುಪ್ಪ ಹಾಕೇ" ಎನ್ನುವರು. ತುಪ್ಪದ ಮಿಳ್ಳೆ ಅವರ ಕೈಯಲ್ಲೇ ಇರುತ್ತಿತ್ತು. ಕನ್ನಡಕ ಬೇಕಾದಾಗ ಕಿವಿಯಿಂದ ಕಿವಿಗೆ ನೂಲು ಹಿಡಿದು, ರವಿಕೆಗೆ ಕೊಡುವಂತೆ, ಅಳತೆ ಕಳಿಸುವರು. ಮೂಗಿನ ವಿಚಾರ ನೂಲಿಗೇನು ಗೊತ್ತು? ಊರಿಗೆಲ್ಲ ಕನ್ನಡಕ ಕೂರಿಸುವವನ ಅತ್ತೆಯ ಕನ್ನಡಕ ಸದಾ ಮೂಗಿನ ತುದಿಯಲ್ಲಿ. ನನ್ನ ಕಸುಬಿಗೆ ಇದಕ್ಕಿಂತ ಅವಮಾನ ಬೇಡ.

ನಮ್ಮ ಮಗಳು ಹುಟ್ಟಿದಾಗ ಗಿರಿಜೆ ತವರಿನಲ್ಲಿದ್ದಳು. ಮದುವೆಯಾದ ಮೇಲೆ ನನ್ನ ಬೆನ್ನು ಅಮ್ಮನ ಕೈಯಿಂದ ಅವಳ ಕೈಗೆ ಹೋಗಿತ್ತು. ಅವಳಿಲ್ಲದಾಗ ಅರಸೀಕೆರೆಯಲ್ಲಿ ಅಮ್ಮ ತಟ್ಟುತ್ತಿದ್ದರು. ಮಗು ನೋಡಿ ಸಂಜೆಯ ಬಸ್ಸಿಗೆ ಮರಳುವೆನೆಂದು ಹೋದವನು ಅದರ ಬೆರಳು ಹಿಡಿದುಕೊಂಡು ಕೂತುಬಿಟ್ಟೆ. ಎರಡು ದಿನ ಬೆನ್ನು ತಟ್ಟದಿದ್ದರೆ ಆಕಾಶವೇನೂ ಬೀಳುವುದಿಲ್ಲ ಎಂದುಕೊಂಡೆ. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ ಮನೆಯೆಲ್ಲ ತುಂಬಿತ್ತು. ಮೂರನೆಯ ಬೆಳಿಗ್ಗೆ ಎದ್ದರೆ ಎದೆ ಬಿಗಿದುಕೊಂಡಿದೆ. ಕೆಮ್ಮಲು ಉಸಿರು ಬೇಕು, ಉಸಿರು ಎಳೆಯಲು ಜಾಗವಿಲ್ಲ. ಕಂಬ ಹಿಡಿದು ಕುಳಿತೆ. ಮಾವ ತೋಟಕ್ಕೆ ಹೋಗಿದ್ದರು. ನನ್ನ ತುಟಿಯ ಬಣ್ಣ ನೋಡಿದ ಭಾವಮೈದುನ ಜೀಪು ತರುತ್ತೇನೆಂದು ಬಸ್‌ಸ್ಟ್ಯಾಂಡಿಗೆ ಓಡಿದ.

"ಗಿರಿಜಾ, ಅಳಿಯಂದ್ರಿಗೆ ಏನಾಯ್ತೇ?" ಅಡಿಗೆಮನೆ ಬಾಗಿಲ ಹಿಂದಿನಿಂದ ಅತ್ತೆ.

"ಕಫ ಕಟ್ಕೊಂಡೈತೆ ಕಣವ್ವ. ಬೆನ್ನು ತಟ್ಟಬೇಕು. ನಾನೇ ಬತ್ತೀನಿ" ಎಂದು ಕೋಣೆಯಿಂದ ಗಿರಿಜೆ.

"ಹಸಿ ಬಾಣಂತಿ, ಹೊಸ್ತಿಲು ದಾಟ್ದೆ ಅಂದ್ರೆ ನೋಡು!"

ಅಡಿಗೆಮನೆಯ ಹೊಸ್ತಿಲಲ್ಲಿ ಆ ಕಾಲುಂಗುರಗಳು ಒಳಕ್ಕೂ ಹೋಗದೆ ಹೊರಕ್ಕೂ ಬಾರದೆ ನಿಂತಿದ್ದವು. ನಾನು ಹೆದರಿದ್ದೆ, ಸುಳ್ಳೇಕೆ ಹೇಳಲಿ. ಮಗಳಿಗೆ ಹೆಸರಿಡುವ ಮುಂಚೆಯೇ ಹೋಗಿಬಿಡುತ್ತೇನೆಂದು ಹೆದರಿದ್ದೆ. ಆಮೇಲೆ ಬಳೆಗಳನ್ನು ಮೊಣಕೈಗೆ ಸರಿಸಿದ ಸದ್ದಾಯಿತು.

"ಗಿರಿಜಾ, ಅಳಿಯನ ಮುಖ ನೋಡ್ಬಾರ್ದು ಅಂತ ಐತೆ. ಬೆನ್ನು ನೋಡ್ಬಾರ್ದು ಅಂತ ಯಾರೂ ಹೇಳಿಲ್ವಲ್ಲ? ಆ ಕಡೆ ತಿರುಗಾಕೇಳು."

ನೋಡಿ, ದೊಡ್ಡ ದೊಡ್ಡ ವಕೀಲರಿಗೂ ಹೊಳೆಯದ ಪಾಯಿಂಟು ಇದು. ತಿರುಗಿದೆ. ರಾಗಿ ಮೂಟೆಯೊಂದನ್ನು ಎಳೆದು ತಂದು, ಧೂಳು ಏಳದಂತೆ ಮೇಲೊಂದು ಕೌದಿ ಹಾಸಿ, ನನ್ನನ್ನು ಅದರ ಮೇಲೆ ಬೋರಲು ಹಾಕಿದರು. ಸೊಂಟ ಮೂಟೆಯ ಮೇಲೆ, ತಲೆ ನೆಲದ ಕಡೆಗೆ. ಗಿರಿಜೆ ಕೋಣೆಯೊಳಗಿಂದಲೇ ಪಾಠ ಶುರುಮಾಡಿದಳು. "ಅಂಗೈ ಗುಳಿ ಮಾಡವ್ವ, ತೀರ್ಥ ತಗೊಳ್ಳೋ ಹಂಗೆ. ಬೆನ್ಮೂಳೆ ಮೇಲೆ ಬ್ಯಾಡ, ಪಕ್ಕೆಗೆ!" ಅತ್ತೆ ಭಯಭಕ್ತಿಯಿಂದ ಒಂದು ತಟ್ಟಿದರು. "ಅದು ರೊಟ್ಟಿ ತಟ್ಟಿದ ಸದ್ದಾಯ್ತು. ಒಣಗಿದ ಕಾಯಿ ತಟ್ಟಿದಂಗೆ ಪೊಳ್ಳು ಸದ್ದು ಬರ್ಬೇಕು!"

"ಹಂಗಂತ ಮೊದ್ಲೇ ಹೇಳ್ಬಾರ್ದಾ?" ಎಂದರು ಅತ್ತೆ. ಅಟ್ಟದ ತುಂಬ ಕಾಯಿ ಒಣಗಿಸಿ ತಟ್ಟಿ ಅಲ್ಲಾಡಿಸಿ ನೋಡಿದ ಕೈ ಅದು. ಮುಂದಿನ ಏಟಿಗೆ ನನ್ನ ಎದೆಯೆಲ್ಲ ಗುಂಯ್ ಎಂದಿತು. ಆಮೇಲೆ ನಿಲ್ಲಿಸಲೇ ಇಲ್ಲ. ಎಡಗೈ, ಬಲಗೈ, ಎಡಗೈ, ಬಲಗೈ. ಒಳಗೆ ಮಗು ಅಳಲಾರಂಭಿಸಿತು. ಗಿರಿಜೆ ಅದನ್ನು ಸಮಾಧಾನ ಮಾಡಲು ಹೋದಳೇನೋ, ನಡುವೆ ಮಾತು ದಾಟಿಸಲು ಯಾರೂ ಇಲ್ಲದಂತಾಯಿತು. ನನ್ನೊಳಗೆ ಏನೋ ಸಡಿಲಗೊಂಡು ಗಂಟಲ ಹತ್ತಿರ ಬಂದು ನಿಂತಿತ್ತು. ಅತ್ತೆಯ ಮುಂದೆ ಹೇಗೆ ಉಗುಳುವುದೆಂಬ ಮರ್ಯಾದೆ ಆ ಹೊತ್ತಿನಲ್ಲೂ ನನ್ನನ್ನು ಬಿಟ್ಟಿರಲಿಲ್ಲ. ಕಫದ ಮೇಲೆ ಮರ್ಯಾದೆ ಕುಳಿತರೆ ಯಾವ ಔಷಧಿ ತಾನೇ ಏನು ಮಾಡೀತು?

"ಕೆಮ್ಮಿ" ಎಂದರು ಅತ್ತೆ. ನೇರವಾಗಿ, ನನಗೇ. "ನಾಚ್ಕೋಬ್ಯಾಡಿ, ಕೆಮ್ಮಿ." ಮತ್ತೆರಡು ಏಟು. ಬಹುವಚನವೂ ಬಿದ್ದುಹೋಯಿತು. "ಅಳಿಯ ಅನ್ನೋದ ಅತ್ಲಾಗಿಟ್ಟು ಕೆಮ್ಮಪ್ಪ ನೀನು!"

ಕೆಮ್ಮಿದೆ. ಕರಟವನ್ನು ಅವರೇ ಹಿಡಿದಿದ್ದರು.

"ಅವ್ವಾ, ಬಂತಾ?"

"ಬಂತು ಕಣೇ!" ಹಸು ಸುಸೂತ್ರವಾಗಿ ಕರು ಹಾಕಿದಾಗ ಕೊಟ್ಟಿಗೆಯಿಂದ ಕೂಗಿ ಹೇಳುತ್ತಾರಲ್ಲ, ಆ ದನಿ. ಭಾವಮೈದುನ ಜೀಪು ತರುವ ಹೊತ್ತಿಗೆ ನಾನು ಗೋಡೆಗೊರಗಿ ಉಸಿರಾಡುತ್ತಿದ್ದೆ. ಅಂಥ ರುಚಿಯ ಗಾಳಿಯನ್ನು ನಾನು ಮತ್ತೆ ಕುಡಿದಿಲ್ಲ. ಆದರೂ ಬೇಲೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸೋಂಕಿಗೆ ಮಾತ್ರೆ ಕೊಟ್ಟು, ದಿನ ತಪ್ಪಿಸಿದ್ದಕ್ಕೆ ಚೆನ್ನಾಗಿ ಬೈದರು.

ಅಂದಿನಿಂದ ನಮ್ಮ ಮನೆತನದಲ್ಲಿ ಹೊಸ ಪದ್ಧತಿಯೊಂದು ಹುಟ್ಟಿತು. ಎದುರುಬದುರಾದರೆ ಅತ್ತೆ ಮೊದಲಿನಂತೆ ಬಾಗಿಲ ಹಿಂದೆ. ನಾನು ಹಳೇಬೀಡಿಗೆ ಹೋದ ಬೆಳಿಗ್ಗೆಗಳಲ್ಲಿ ಮಾತ್ರ ರಾಗಿ ಮೂಟೆಯ ಮೇಲೆ ಬೋರಲು ಮಲಗಿದ ಕೂಡಲೇ ಅವರ ಬಾಯಿ ಬಿಚ್ಚುತ್ತಿತ್ತು. ಕೆರೆ ತುಂಬಿದ್ದು, ಕಾಯಿಗೆ ರೋಗ ಬಿದ್ದದ್ದು, ಮಾವನ ಮೊಂಡು, ತಾವು ಹುಡುಗಿಯಾಗಿದ್ದಾಗ ಈಜು ಕಲಿತದ್ದು, ಎಲ್ಲವನ್ನೂ ನನ್ನ ಬೆನ್ನಿಗೆ ಹೇಳುವರು. ನಾನು ನೆಲಕ್ಕೆ ಉತ್ತರ ಕೊಡುವೆ. ಮುಖ ನೋಡಿ ಮಾತಾಡುವ ಎಷ್ಟೋ ಅತ್ತೆ ಅಳಿಯಂದಿರಿಗೆ ಇಷ್ಟು ಸಲಿಗೆ ಇರಲಾರದು. ಬೀದಿಯಲ್ಲಿ ಬೇರೆ ಹೆಂಗಸರು ಅಳಿಯನ ಸಂಬಳ, ಅಳಿಯನ ಸೈಟು ಎನ್ನುತ್ತಿದ್ದರೆ ನಮ್ಮತ್ತೆ, "ನಮ್ಮ ಅಳಿಯಂದ್ರು ಇವತ್ತು ಅರ್ಧ ಕರಟ ತೆಗೆದ್ರು!" ಎನ್ನುವರು. ಮೊದಮೊದಲು ನಾಚಿಕೆಯಿಂದ ಸತ್ತುಹೋಗುತ್ತಿದ್ದೆ. ಬರಬರುತ್ತ ಕಡಿಮೆ ಬಂದ ದಿನ ಅವರ ಮಾನ ಹೋದೀತೆಂದು ಇನ್ನೊಂದು ಸಲ ಜೋರಾಗಿ ಕೆಮ್ಮುವಷ್ಟು ಹೆಮ್ಮೆ ನನಗೂ ಅಂಟಿತು.

ಅತ್ತೆಯ ಅಕ್ಕ, ಬೇಲೂರಿನ ಆ ದೊಡ್ಡಮ್ಮನ ಮನೆಯಲ್ಲಿ ಒಮ್ಮೆ ಊಟಕ್ಕೆ ಕರೆದಿದ್ದರು. ಎಲೆಯ ಮುಂದೆ ಕುಳಿತಾಗ ನನಗೆ ಕೆಮ್ಮು ಬಂತು. ದೊಡ್ಡಮ್ಮ ನನ್ನ ಎಲೆಯನ್ನು ಪಂಕ್ತಿಯ ತುದಿಗೆ ಸರಿಸಲು ಹೇಳಿದರು. ಬಡಿಸುತ್ತಿದ್ದ ಅತ್ತೆ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ನೇರ ನನ್ನ ಎಲೆಗೆ ಬಂದು ಪಾಯಸ ಬಡಿಸಿದರು. "ಅಕ್ಕ, ಅಂಟೋದಾಗಿದ್ರೆ ಮೊದ್ಲು ನಂಗೆ ಅಂಟ್ಬೇಕಿತ್ತು. ಕರಟ ಹಿಡ್ದೋಳು ನಾನು. ನನ್ನೆಲೇನೂ ಅಲ್ಲೇ ಪಕ್ಕಕ್ಕೆ ಹಾಕ್ಸು." ನನ್ನ ಎಲೆ ಇದ್ದಲ್ಲೇ ಉಳಿಯಿತು. ಆ ದಿನ ನಾನು ಮೂರು ಸಲ ಪಾಯಸ ಹಾಕಿಸಿಕೊಂಡೆ.

ಇದೆಲ್ಲ ಆಗಿ ಬಹಳ ವರ್ಷಗಳಾದವು. ಅತ್ತೆಯ ಕೈ ಸೋತಿತು, ತಟ್ಟುವ ಕೆಲಸ ಪೂರ್ತಿಯಾಗಿ ಗಿರಿಜೆಯದಾಯಿತು. ಈಚೆಗೆ ಅತ್ತೆಯ ಕಣ್ಣಿಗೆ ಪೊರೆ ಬಂದು ಮನುಷ್ಯರು ನೆರಳಿನಂತೆ ಕಾಣುತ್ತಿದ್ದರಂತೆ. ನಾನೂ ಅಷ್ಟರಲ್ಲಿ ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೆ. ವೈರಾಗ್ಯವೇನಲ್ಲ, ಬಣ್ಣದ ವಾಸನೆಗೆ ಕೆಮ್ಮು ಬರುತ್ತದೆಂದು ಗಿರಿಜೆ ಡಬ್ಬಿಯನ್ನು ಎಸೆದುಬಿಟ್ಟಿದ್ದಳು.

ಮೇಜಿನ ಮೇಲಿದ್ದ ನೂಲನ್ನು ನೋಡುತ್ತ ಇಷ್ಟೆಲ್ಲ ನೆನಪಾಯಿತು. ಹೊಸ ನಂಬರಿನ ಗಾಜನ್ನು ಹೊಸ ಫ್ರೇಮಿಗೆ ಕೂರಿಸಿದೆ. ಆದರೆ ಈ ಸಲ ನೂಲಿನ ಮಾತು ಕೇಳಬಾರದೆನ್ನಿಸಿತು. "ನಾನೇ ಹೋಗಿ ಕೂರಿಸಿ ಬರ್ತೀನಿ" ಎಂದೆ. ಗಿರಿಜೆ ನನಗಿಂತ ಮುಂಚೆ ಬಸ್ಸಿಗೆ ತಯಾರಾದಳು.

ಅತ್ತೆ ಜಗಲಿಯ ಬಿಸಿಲಿನಲ್ಲಿ ಕುಳಿತಿದ್ದರು. ನನ್ನ ದನಿ ಕೇಳಿ ಸೆರಗು ಎಳೆದುಕೊಂಡರು. "ಗಿರಿಜಾ, ನೂಲು ಕಳಿಸಿದ್ನಲ್ಲ, ಅಳಿಯಂದ್ರು ಯಾಕೆ ತ್ರಾಸ ತಗಂಡ್ರು ಕೇಳೇ."

"ಗಿರಿಜಾ, ನೂಲಿಗೆ ಮೂಗಿಲ್ಲ ಅಂತ ನಿಮ್ಮಮ್ಮನಿಗೆ ಹೇಳು" ಎಂದೆ.

ಅವರು ನಕ್ಕರು. ನಕ್ಕಾಗ ಸೆರಗು ಸ್ವಲ್ಪ ಸಡಿಲವಾಯಿತು. ನಾನು ಅವರ ಎದುರು ಮಂಡಿಯೂರಿ ಕುಳಿತೆ. ಮೂಗಿನ ಮೇಲೆ ಕನ್ನಡಕವಿಟ್ಟು, ಕಡ್ಡಿಗಳನ್ನು ಕಿವಿಯ ಹಿಂದೆ ಬಗ್ಗಿಸಿದೆ. ಬೇಡ ಎನ್ನಲಿಲ್ಲ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. "ಕಣ್ಣು ಬಿಡಿ ಅತ್ತೆ" ಎಂದೆ. ನಡುವೆ ಗಿರಿಜೆಯನ್ನು ತರಲಿಲ್ಲ.

ಬಿಟ್ಟರು. ನನ್ನನ್ನೇ ನೋಡಿದರು. ಮೀಸೆ ನೋಡಿದರು, ಹಣೆ ನೋಡಿದರು, ಆಮೇಲೆ ಅವರ ಕಣ್ಣು ನನ್ನ ತಲೆಯ ಮೇಲೆ ನಿಂತಿತು. ಒಂದು ಕಾಲಕ್ಕೆ ನನ್ನ ಎದೆಯನ್ನು ಗುಂಯ್‌ಗುಟ್ಟಿಸಿದ ಕೈ ನನ್ನ ಕೂದಲನ್ನು ಸವರಿತು.

"ನರೆತೈತಲ್ಲಪ್ಪ!" ಎಂದರು. "ಪೂರ್ತಿ ನರೆತೈತೆ!" ಅವರ ಕೆನ್ನೆ ಒದ್ದೆಯಾಯಿತು, ದನಿ ಮಾತ್ರ ಬೀದಿಗೆಲ್ಲ ಕೇಳಿಸುವಂತಿತ್ತು. "ಬನ್ರೇ, ಎಲ್ಲಾ ಬನ್ರೇ, ನಮ್ಮ ಅಳಿಯಂದ್ರ ತಲೆ ನೋಡ್ಬನ್ನಿ!"

ಒಳಗಿನಿಂದ ಅತ್ತೆಯ ಸೊಸೆ ಬಂದಳು, ಎದುರು ಮನೆಯವರೂ ಬಂದರು. ಅತ್ತೆಗೆ ಇನ್ನೂ ಚೆನ್ನಾಗಿ ಕಾಣಲೆಂದು ನಾನು ತಲೆಯನ್ನು ಬಿಸಿಲಿಗೆ ಬಗ್ಗಿಸಿದೆ.